ಚಪ್ಪಲಿ ಕಚ್ಚಿದ ಕಾಲಿಗೆ: ಡೊಂಬಿವಲಿಯ ಮೆಡಿಕಲ್ ಕೌಂಟರಿನಿಂದ

ಜೂನ್ ಎರಡನೇ ವಾರ ಬಂತೆಂದರೆ ನಮ್ಮ ಅಂಗಡಿಯಲ್ಲಿ ಬ್ಯಾಂಡ್‌ಏಡ್ ಡಬ್ಬಿ ನೋಡನೋಡುತ್ತ ಖಾಲಿಯಾಗುತ್ತದೆ. ಮುಂಬೈ ಕಡೆ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಹೊಸ ಬೂಟು, ಒದ್ದೆ ಕಾಲುಚೀಲ. ಇವೆರಡೂ ಸೇರಿದರೆ ಹಿಮ್ಮಡಿಯ ಗತಿ ಕೇಳಬೇಡಿ.

ನಾನು ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್. ಹದಿನೆಂಟು ವರ್ಷವಾಯಿತು. ಮರಾಠಿಯವರು ಬಂದು "ಬೂಟ್ ಚಾವ್ಲಾ" ಅನ್ನುತ್ತಾರೆ. ನಮ್ಮವರು "ಚಪ್ಪಲಿ ಕಚ್ಚಿದೆ" ಅನ್ನುತ್ತಾರೆ. ಎರಡು ಭಾಷೆಯಲ್ಲೂ ಹಲ್ಲಿರುವುದು ಚಪ್ಪಲಿಗೇ. ಆದರೆ ಒಂದು ವಿಷಯ ಹೇಳಬೇಕು. ಚಪ್ಪಲಿ ನಾಯಿಯ ಹಾಗೆ ಹೇಳದೆ ಕೇಳದೆ ಕಚ್ಚುವುದಿಲ್ಲ. ಮೊದಲು ಕಾಲು ಒಂದು ಜಾಗದಲ್ಲಿ ಸಣ್ಣಗೆ ಉರಿಯುತ್ತದೆ. ಆ ಉರಿ ಶುರುವಾದ ಮೇಲೆ ಬೊಬ್ಬೆ ಏಳಲು ಇನ್ನೂ ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ನಿಂತು ಐದು ನಿಮಿಷ ಕಾಲಿಗೆ ಕೊಟ್ಟರೆ ಮುಂದಿನ ಐದು ದಿನ ಕುಂಟುವುದು ತಪ್ಪುತ್ತದೆ. ಲೋಕಲ್ ಟ್ರೇನ್ ಹಿಡಿಯುವ ಊರಿನಲ್ಲಿ ಯಾರು ನಿಲ್ಲುತ್ತಾರೆ ಅನ್ನುತ್ತೀರಾ? ನಾನೂ ನಿಂತವನಲ್ಲ, ಅದನ್ನೂ ಹೇಳುತ್ತೇನೆ.

ಬೊಬ್ಬೆ ಹೇಗೆ ಏಳುತ್ತದೆ

ಎಡಗೈಯ ಹಿಂಭಾಗದ ಮೇಲೆ ಬಲಗೈ ಬೆರಳನ್ನು ಸ್ವಲ್ಪ ಒತ್ತಿ ಇಡಿ. ಬೆರಳನ್ನು ಎತ್ತದೆ ಹಿಂದೆ ಮುಂದೆ ಆಡಿಸಿ. ನೋಡಿದಿರಾ? ಬೆರಳು ಚರ್ಮದ ಮೇಲೆ ಜಾರುತ್ತಿಲ್ಲ. ಚರ್ಮವೇ ಬೆರಳಿಗೆ ಅಂಟಿಕೊಂಡು ಹೋಗಿ ಬರುತ್ತಿದೆ, ಕೆಳಗಿನ ಮೂಳೆ ಮಾತ್ರ ಅಲ್ಲೇ ಇದೆ. ನಡೆಯುವಾಗ ಬೂಟಿನೊಳಗೆ ಆಗುವುದೂ ಇದೇ. ಚರ್ಮವನ್ನು ಕಾಲುಚೀಲ ಹಿಡಿದುಕೊಂಡಿರುತ್ತದೆ, ಒಳಗೆ ಮೂಳೆ ಸರಿಯುತ್ತಿರುತ್ತದೆ. ಈ ಎಳೆದಾಟದಲ್ಲಿ ಚರ್ಮದ ಮೇಲ್ಪದರದ ಒಳಗೇ ಒಂದು ಸೀಳು ಬಿಡುತ್ತದೆ. ಆ ಸಂದಿಗೆ ನೀರು ಇಳಿಯುತ್ತದೆ. ಅದೇ ಬೊಬ್ಬೆ. ಕೆಲವರು ನೀರುಗುಳ್ಳೆ ಅನ್ನುತ್ತಾರೆ.

ಚರ್ಮ ಬೆವರಿನಿಂದ ತೇವವಾದಾಗ ಹಿಡಿತ ಇನ್ನೂ ಜಾಸ್ತಿ. ಒಣಗಿದ ಕಾಲು ಸ್ವಲ್ಪ ಜಾರುತ್ತದೆ, ತೇವದ ಕಾಲು ಅಂಟಿಕೊಳ್ಳುತ್ತದೆ. ಮುಂಬೈ ಹವೆಯಲ್ಲಿ ಕಾಲು ಒಣಗಿರುವುದು ಯಾವಾಗ, ಅಲ್ವಾ? ಡಿಸೆಂಬರ್‌ನಲ್ಲಿ ನಾಲ್ಕು ದಿನ ಇರಬಹುದು.

ಅದೇ ಎಳೆದಾಟ, ಅದೇ ಒತ್ತಡ ದಿನವೂ ಸ್ವಲ್ಪ ಸ್ವಲ್ಪವೇ ಬಿದ್ದರೆ ಬೊಬ್ಬೆ ಏಳುವುದಿಲ್ಲ. ಚರ್ಮ ದಪ್ಪವಾಗುತ್ತದೆ, ಜಡ್ಡುಗಟ್ಟುತ್ತದೆ. ಒಂದೇ ಬಿಂದುವಿನ ಮೇಲೆ ಒತ್ತಡ ಬಿದ್ದರೆ ಆ ಜಡ್ಡು ಮೊನೆಯಾಗಿ ಒಳಕ್ಕೆ ಇಳಿಯುತ್ತದೆ. ಅದು ಆಣಿ. ಮರಾಠಿಯಲ್ಲಿ ಇದಕ್ಕೆ ಕುರೂಪ ಅನ್ನುತ್ತಾರೆ. ಮೊದಲ ಸಲ ಒಬ್ಬ ಅಜ್ಜಿ "ಕುರೂಪಕ್ಕೆ ಔಷಧಿ ಕೊಡಪ್ಪಾ" ಅಂದಾಗ ನಾನು ಮುಖಕ್ಕೆ ಹಚ್ಚುವ ಕ್ರೀಮು ತೋರಿಸಿದ್ದೆ.

ಉರಿ ಕಂಡಾಗ ಮಾಡಬೇಕಾದ್ದು

ಸಿಕ್ಕಲ್ಲಿ ಕೂತುಕೊಳ್ಳಿ. ಪ್ಲಾಟ್‌ಫಾರ್ಮಿನ ಬೆಂಚಾದರೂ ಆಯಿತು, ಆಫೀಸಿನ ಮೆಟ್ಟಿಲಾದರೂ ಆಯಿತು. ಬೂಟು, ಕಾಲುಚೀಲ ಬಿಚ್ಚಿ ಕಾಲಿಗೆ ಗಾಳಿ ಆಡಲು ಬಿಡಿ. ಒಳಗೆ ಮರಳು, ಮಡಿಸಿದ ಹೊಲಿಗೆ, ಎದ್ದ ಮೊಳೆ ಇದೆಯಾ ಅಂತ ಬೆರಳು ಹಾಕಿ ನೋಡಿ. ಕೆಂಪಾದ ಜಾಗವನ್ನು ಕರ್ಚೀಫಿನಲ್ಲಿ ಒತ್ತಿ ಒರೆಸಿ. ಉಜ್ಜಬೇಡಿ.

ಆಮೇಲೆ ಪೇಪರ್ ಟೇಪು. ಮೆಡಿಕಲ್‌ನಲ್ಲಿ "ಮೈಕ್ರೋಪೋರ್" ಅಂತ ಕೇಳಿ. ಆಸ್ಪತ್ರೆಯಲ್ಲಿ ಸಲೈನ್ ಸೂಜಿ ಅಲ್ಲಾಡದಂತೆ ಅಂಟಿಸುವ ಬಿಳಿ ಕಾಗದದಂಥ ಪಟ್ಟಿ. ಒಂದು ಇಂಚಿನ ಸುರುಳಿ ತೆಗೆದುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಇದು ನನ್ನ ಅಂಗಡಿ ಬುದ್ಧಿಯ ಮಾತಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಹಲವು ದಿನ ನಡೆಯುವ, ಸುಮಾರು 250 ಕಿಲೋಮೀಟರ್‌ಗಳ ಓಟದ ಸ್ಪರ್ಧೆಗಳಲ್ಲಿ 128 ಓಟಗಾರರ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಕಾಲಿನ ಕೆಲವು ಜಾಗಕ್ಕೆ ಟೇಪು, ಅದೇ ಕಾಲಿನ ಉಳಿದ ಜಾಗ ಖಾಲಿ. ಟೇಪು ಹಾಕಿದ ಜಾಗದಲ್ಲಿ ಬೊಬ್ಬೆ ಸುಮಾರು 40 ಶೇಕಡಾ ಕಡಿಮೆ. 2016ರಲ್ಲಿ ಅದು ಪ್ರಕಟವಾಯಿತು. ಮೈಕ್ರೋಪೋರ್‌ನಲ್ಲಿ ಅಂಟು ಕಡಿಮೆ. ಹಾಗಾಗಿ ಕಿತ್ತಾಗ ಬೊಬ್ಬೆಯ ಚರ್ಮ ಅದರ ಜೊತೆ ಬರುವುದಿಲ್ಲ. ದಪ್ಪನೆಯ ಬಟ್ಟೆ ಪ್ಲಾಸ್ಟರ್ ಹಾಗಲ್ಲ, ಅದು ಚರ್ಮ ಸುಲಿದುಕೊಂಡೇ ಬರುತ್ತದೆ.

ಅಂಟಿಸುವುದರಲ್ಲೂ ಒಂದು ಕೈಚಳಕವಿದೆ. ಹಿಮ್ಮಡಿಗಾದರೆ ಒಂದು ಗೇಣಿನಷ್ಟು ತುಂಡು ಹರಿಯಿರಿ. ನಾಲ್ಕೂ ಮೂಲೆಯನ್ನು ಕತ್ತರಿಯಿಂದ ದುಂಡಗೆ ಮಾಡಿ. ಮೂಲೆ ಚೂಪಾಗಿದ್ದರೆ ಕಾಲುಚೀಲ ಹಾಕುವಾಗ ಅದೇ ಮೊದಲು ಏಳುತ್ತದೆ, ಸುರುಳಿಯಾಗಿ ಹೊಸ ಗಂಟಾಗಿ ಕೂರುತ್ತದೆ. ಪಾದವನ್ನು ನೆಲಕ್ಕೆ ನೇರವಾಗಿ ಊರಿ, ಪಟ್ಟಿಯ ನಡುಭಾಗ ಕೆಂಪು ಜಾಗದ ಮೇಲೆ ಬರುವಂತೆ ಇಟ್ಟು, ನಡುವಿನಿಂದ ಎರಡೂ ಕಡೆಗೆ ಹೆಬ್ಬೆರಳಿಂದ ನೀವುತ್ತ ಹೋಗಿ. ಎಳೆದು ಬಿಗಿಯಬೇಡಿ. ಸುಕ್ಕು ಬಿದ್ದರೆ ಕಿತ್ತು ಹೊಸದು ಹಾಕಿ. ಸುಕ್ಕಿನ ಟೇಪಿಗಿಂತ ಟೇಪೇ ಇಲ್ಲದಿರುವುದು ವಾಸಿ.

ಮೈಕ್ರೋಪೋರ್ ಇಲ್ಲದಿದ್ದರೆ ವ್ಯಾಸಲೀನ್ ನಡೆಯುತ್ತದೆ. ಆದರೆ ಅದರ ಗುಣ ಮೊದಲ ಒಂದು ಗಂಟೆ ಚೆನ್ನ. ಅದು ಹೀರಿಕೊಂಡ ಮೇಲೆ ಚರ್ಮ ಮೆತ್ತಗಾಗಿ ಹಿಡಿತ ಹೆಚ್ಚುತ್ತದೆ. ದೂರ ನಡೆಯುವವರು ಮತ್ತೆ ಮತ್ತೆ ಹಚ್ಚಬೇಕು. ಸೋಮವಾರ ರಾತ್ರಿ ಉಪನಗರಗಳಿಂದ ಪ್ರಭಾದೇವಿಯ ಸಿದ್ಧಿವಿನಾಯಕನಿಗೆ ನಡೆದು ಹೋಗುವವರಿಗೆ ನಾನು ಹೇಳುವುದು ಇದನ್ನೇ. ಹೊರಡುವಾಗ ಒಮ್ಮೆ ಹಚ್ಚಿಕೊಂಡು ಮರೆತರೆ ಆಗುವುದಿಲ್ಲ. ಬರಿಗಾಲಲ್ಲಿ ಹೋಗುವ ಹರಕೆಯಿದ್ದರೆ ಅದು ನಿಮಗೂ ದೇವರಿಗೂ ಬಿಟ್ಟದ್ದು. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಬೇಡ ಅನ್ನುತ್ತೇನೆ.

ಎದ್ದೇ ಬಿಟ್ಟರೆ

ನನ್ನ ಕಥೆ ಈಗ. ತಂಗಿಯ ಮಗನ ಮದುವೆಗೆ ಅಂತ ಕರಿ ಬೂಟು ಕೊಂಡೆ. ಮದುವೆ ಮಾಟುಂಗಾದಲ್ಲಿ. ದಾದರ್‌ನಲ್ಲಿ ಇಳಿದು ಹೂವು, ಎಲೆ ತೆಗೆದುಕೊಂಡು ನಡೆಯುತ್ತ ಹೊರಟೆ. ಹಿಮ್ಮಡಿ ಉರಿಯಿತು. ಊರಿಗೆಲ್ಲ ಉಪದೇಶ ಹೇಳುವವನು ನಾನು, ನಿಲ್ಲಲಿಲ್ಲ. ಮುಹೂರ್ತಕ್ಕೆ ತಡವಾಗುತ್ತೆ ಅಂತ. ಊಟದ ಪಂಕ್ತಿಯಲ್ಲಿ ಕೂರುವ ಹೊತ್ತಿಗೆ ಎರಡು ರೂಪಾಯಿ ನಾಣ್ಯದಷ್ಟು ಬೊಬ್ಬೆ. ಅದು ಸಾಲದು ಅಂತ ಸೀರೆಯ ಸೇಫ್ಟಿ ಪಿನ್ ಇಸಿದುಕೊಂಡು ಒಡೆದು, ಮೇಲಿನ ಚರ್ಮವನ್ನೂ ಕಿತ್ತು ಹಾಕಿದೆ. ಹತ್ತು ದಿನ ಹಿಮ್ಮಡಿ ತುಳಿದ ಚಪ್ಪಲಿಯಲ್ಲಿ ಕೌಂಟರ್ ಹಿಂದೆ ನಿಂತೆ.

ಸರಿಯಾಗಿ ಮಾಡಬೇಕಾದ್ದು ಹೀಗೆ.

1. ಬೊಬ್ಬೆ ಸಣ್ಣದಿದ್ದು ನೋವು ಅಷ್ಟಿಲ್ಲದಿದ್ದರೆ ಒಡೆಯಲೇಬೇಡಿ. ಮೇಲಿನ ಚರ್ಮಕ್ಕಿಂತ ಒಳ್ಳೆಯ ಬ್ಯಾಂಡೇಜು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದರ ಕೆಳಗೆ ಐದಾರು ದಿನದಲ್ಲಿ ಹೊಸ ಹೊದಿಕೆ ಬರುತ್ತದೆ. ನೀರು ತಾನಾಗಿ ಒಳಗೆ ಹೀರಿಕೊಳ್ಳುತ್ತದೆ.

2. ಅದರ ಮೇಲೆ ಒತ್ತಡ ಬೀಳದ ಹಾಗೆ ಮಾಡಿ. ದಪ್ಪ ಫೋಮ್ ಪಟ್ಟಿಯನ್ನು ಮೆದು ವಡೆಯ ಹಾಗೆ ಕತ್ತರಿಸಿ. ನಡುವಿನ ತೂತು ಬೊಬ್ಬೆಗಿಂತ ಸ್ವಲ್ಪ ದೊಡ್ಡದಿರಲಿ. ಬೊಬ್ಬೆ ತೂತಿನೊಳಗೆ ಕೂರಬೇಕು, ಭಾರ ಸುತ್ತಲಿನ ವಡೆಯ ಮೇಲೆ ಬೀಳಬೇಕು.

3. ದೊಡ್ಡದಾಗಿ ಬಿಗಿದುಕೊಂಡು ಹೆಜ್ಜೆ ಇಡಲಾಗದಿದ್ದರೆ ಮಾತ್ರ ನೀರು ತೆಗೆಯಿರಿ. ಕೈ ತೊಳೆಯಿರಿ, ಬೊಬ್ಬೆಯನ್ನು ಸಾಬೂನು ನೀರಿನಲ್ಲಿ ತೊಳೆದು ಪೊವಿಡೋನ್ ಅಯೋಡಿನ್ (ರೋಗಾಣು ಕೊಲ್ಲುವ ಕಂದು ಔಷಧಿ) ಹಚ್ಚಿ. ಪ್ಯಾಕೆಟ್ಟಿನಲ್ಲಿ ಬರುವ ಹೊಸ ಇಂಜೆಕ್ಷನ್ ಸೂಜಿ ತೆಗೆದುಕೊಳ್ಳಿ. ನೆತ್ತಿಗೆ ಚುಚ್ಚಬೇಡಿ. ಬುಡದ ಅಂಚಿನಲ್ಲಿ ಎರಡು ಮೂರು ಕಡೆ ಸಣ್ಣಗೆ ಚುಚ್ಚಿ. ಹತ್ತಿಯಿಂದ ಮೆಲ್ಲಗೆ ಒತ್ತಿದರೆ ನೀರು ಬರುತ್ತದೆ. ಚರ್ಮವನ್ನು ಹಾಗೇ ಕೆಳಗೆ ಕೂರಿಸಿ, ಮುಲಾಮು ಸವರಿ, ಅಂಟದ ಗಾಸ್ (ಗಾಯಕ್ಕೆ ಇಡುವ ತೆಳು ಜಾಳು ಬಟ್ಟೆ) ಇಟ್ಟು ಟೇಪು ಹಾಕಿ. ಮತ್ತೆ ತುಂಬಿದರೆ ಅದೇ ಕ್ರಮ.

4. ನೀರು ಕೆಂಪಗೆ, ರಕ್ತದ ಹಾಗಿದ್ದರೆ ಮುಟ್ಟಬೇಡಿ. ಸಕ್ಕರೆ ಕಾಯಿಲೆಯವರು, ಕಾಲಿನಲ್ಲಿ ರಕ್ತ ಓಡಾಟ ಕಡಿಮೆ ಇರುವವರು ಮೂರನೆಯದನ್ನು ಓದಿಯೇ ಇಲ್ಲ ಅಂದುಕೊಳ್ಳಿ. ಡಾಕ್ಟರ ಹತ್ತಿರ ಹೋಗಿ.

5. ತಾನಾಗಿ ಒಡೆದು ಚರ್ಮ ಕಿತ್ತುಹೋಗಿದ್ದರೆ ಅದು ಗಾಯ. ತೊಳೆದು, ಮುಲಾಮು ಹಚ್ಚಿ ಮುಚ್ಚಿಡಿ, ದಿನಾ ಬದಲಾಯಿಸಿ. ಹೈಡ್ರೋಕೊಲಾಯ್ಡ್ ಪಟ್ಟಿ (ಗಾಯದ ನೀರು ಹೀರಿ ಜೆಲ್ಲಿನಂತಾಗುವ ಅಂಟುಪಟ್ಟಿ) ಸಿಕ್ಕರೆ ಇಂಥ ಜಾಗಕ್ಕೆ ಬಹಳ ಒಳ್ಳೆಯದು. ಅದನ್ನು ತಾನಾಗಿ ಸಡಿಲವಾಗುವವರೆಗೆ ಎರಡು ಮೂರು ದಿನ ಬಿಡಬೇಕು, ದಿನಾ ಕಿತ್ತು ನೋಡುವ ಚಪಲ ಬೇಡ.

ಅರಿಶಿನ ಪುಡಿ, ಟೂತ್‌ಪೇಸ್ಟ್, ಕಾಫಿ ಪುಡಿ ಯಾವುದೂ ಬೇಡ. ನೀರು ಬೆರೆಸದ ಡೆಟಾಲ್ ಸುರಿಯುವವರೂ ಇದ್ದಾರೆ. ಉರಿದರೆ ಔಷಧಿ ಕೆಲಸ ಮಾಡುತ್ತಿದೆ ಅಂತ ಅವರ ನಂಬಿಕೆ. ಸುಮ್ನೆ ಹಸಿ ಚರ್ಮ ಸುಡುತ್ತದೆ, ಅಷ್ಟೇ.

ಒಡೆದ ಬೊಬ್ಬೆ, ಮುಂಬೈ ನೀರು

ಬೆಂಗಳೂರಲ್ಲಿ, ಧಾರವಾಡದಲ್ಲಿ ಇರುವವರಿಗೆ ಈ ಭಾಗ ಅಷ್ಟು ಮುಖ್ಯವಲ್ಲದಿರಬಹುದು. ನಮಗೆ ಇದೇ ಮುಖ್ಯ. ಮಳೆಗಾಲದಲ್ಲಿ ಹಿಂದ್‌ಮಾತಾದಲ್ಲೋ ಅಂಧೇರಿ ಸಬ್‌ವೇಯಲ್ಲೋ ಮೊಣಕಾಲುದ್ದ ನೀರು ನಿಂತಿದ್ದು ನೋಡಿಯೇ ಇರುತ್ತೀರಿ. ಆ ನೀರಿನಲ್ಲಿ ಇಲಿ, ನಾಯಿ, ದನಗಳ ಮೂತ್ರ ಬೆರೆತಿರುತ್ತದೆ. ಅದರಿಂದ ಬರುವ ಲೆಪ್ಟೋಸ್ಪೈರೋಸಿಸ್ ಅನ್ನುವ ಜ್ವರದ ರೋಗಾಣು ಒಳಗೆ ಬರಲು ಒಂದು ಸಣ್ಣ ಗಾಯ ಸಾಕು. ಕಿತ್ತುಹೋದ ಬೊಬ್ಬೆ, ಒಡೆದ ಹಿಮ್ಮಡಿ ಇವೇ ಬಾಗಿಲು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಅದರ ಬೆನ್ನಿಗೇ ಈ ಜ್ವರ ನಗರದಲ್ಲಿ ಹಬ್ಬಿತ್ತು.

ಗಾಯ ಇದ್ದ ಕಾಲಲ್ಲಿ ಅಂಥ ನೀರು ದಾಟಬೇಕಾಗಿ ಬಂದರೆ ಮನೆಗೆ ಬಂದ ತಕ್ಷಣ ಸಾಬೂನು ಹಾಕಿ ತೊಳೆದು ಒಣಗಿಸಿ. 72 ಗಂಟೆ ಕಳೆಯುವ ಮೊದಲು ಡಾಕ್ಟರನ್ನೋ ಪಾಲಿಕೆಯ ದವಾಖಾನೆಯನ್ನೋ ಕಂಡು, "ಗಾಯದ ಕಾಲಲ್ಲಿ ನೀರಲ್ಲಿ ನಡೆದೆ" ಅಂತ ಹೇಳಿ. ಬೇಕಾದರೆ ತಡೆಗೆ ಮಾತ್ರೆ ಕೊಡುತ್ತಾರೆ. ಆ ಮಾತ್ರೆಯ ಹೆಸರು ವಾಟ್ಸಾಪ್‌ನಲ್ಲಿ ಓದಿಕೊಂಡು ಚೀಟಿಯಿಲ್ಲದೆ ನಮ್ಮಂಥವರ ಹತ್ತಿರ ಕೇಳಬೇಡಿ. ಗರ್ಭಿಣಿಯರಿಗೆ, ಮಕ್ಕಳಿಗೆ ಬೇರೆ ಲೆಕ್ಕ ಇರುತ್ತದೆ.

ಆಣಿ, ಜಡ್ಡು, ನರಹುಲಿ

ಹೋಟೆಲ್ ಕೆಲಸದ ಹುಡುಗರು ಬರುತ್ತಾರೆ. ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯವರು. ಕಳೆದ ಮಳೆಗಾಲದಲ್ಲಿ ಒಬ್ಬ ಬಂದು ಅಂಗಡಿ ಮೆಟ್ಟಿಲ ಮೇಲೆ ಕಾಲಿಟ್ಟ. ಪ್ಲಾಸ್ಟಿಕ್ ಸ್ಯಾಂಡಲ್, ಅಂಗಾಲೆಲ್ಲ ನೀರಲ್ಲಿ ನೆನೆದ ಅಕ್ಕಿಯ ಹಾಗೆ ಬೆಳ್ಳಗೆ. "ಅಣ್ಣಾ, ಕೆಸರುಹುಣ್ಣಿನ ಮುಲಾಮು ಕೊಡಿ, ಎರಡು ಟ್ಯೂಬು ಮುಗಿಸಿದೆ, ಹೋಗುತ್ತಿಲ್ಲ" ಅಂದ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿ ಅಗಲಿಸಿ ನೋಡಿದೆ. ಉಳಿದ ಯಾವ ಸಂದಿಯಲ್ಲೂ ಏನೂ ಇಲ್ಲ. ಅಲ್ಲೊಂದೇ ಕಡೆ ಬಟಾಣಿಯಷ್ಟು ಬಿಳಿ, ಮೆತ್ತಗಿನ ಗಂಟು. ಒತ್ತಿದರೆ ಕಿರುಚಿದ. ಅದು ಹುಣ್ಣಲ್ಲ, ಮೆತ್ತನೆಯ ಆಣಿ. ಎರಡು ಬೆರಳ ಮೂಳೆ ಒಂದಕ್ಕೊಂದು ಒತ್ತಿ ಆಗುವುದು. ಬೆವರಿಗೆ ಮೆತ್ತಗಿರುತ್ತದೆ, ಹಾಗಾಗಿ ಆಣಿ ಅಂತ ಅನ್ನಿಸುವುದೇ ಇಲ್ಲ. ಮುಲಾಮು ನಿಲ್ಲಿಸಿ ಬೆರಳ ನಡುವೆ ಮೆತ್ತನೆಯ ಸಿಲಿಕೋನ್ ತುಂಡು ಇಡಲು ಹೇಳಿದೆ, ಅಗಲ ಮೂತಿಯ ಚಪ್ಪಲಿ ತೆಗೆದುಕೊಳ್ಳಲು ಹೇಳಿದೆ. ಚಪ್ಪಲಿಗೆ ಸೇಠ್ ದುಡ್ಡು ಕೊಟ್ಟರೋ ಇಲ್ಲವೋ ಗೊತ್ತಿಲ್ಲ, ಹುಡುಗ ಮತ್ತೆ ಮುಲಾಮು ಕೇಳಿಕೊಂಡು ಬರಲಿಲ್ಲ.

ಅಂಗಾಲಿನಲ್ಲಿ ಗಟ್ಟಿಯಾದದ್ದು ಕಂಡರೆ ಆಣಿಯೋ ನರಹುಲಿಯೋ ನೋಡುವ ಬಗೆ ಸುಲಭ. ನೇರವಾಗಿ ಒತ್ತಿದರೆ ನೋವಾಗುವುದು ಸಾಮಾನ್ಯವಾಗಿ ಆಣಿ. ಎರಡೂ ಬದಿಯಿಂದ ಹಿಂಡಿದಾಗ ಜಾಸ್ತಿ ನೋವು, ಮೇಲೆ ಕಪ್ಪು ಚುಕ್ಕಿ, ಚರ್ಮದ ಗೆರೆಗಳು ಅದನ್ನು ಬಳಸಿಕೊಂಡು ಹೋಗಿದ್ದರೆ ನರಹುಲಿ. ಅದು ವೈರಸ್ಸಿನಿಂದ ಬರುವುದು, ಚಪ್ಪಲಿಯ ತಪ್ಪಲ್ಲ.

ಆಣಿಗೆ ಬೇರಿದೆ, ಬೇರು ಸಮೇತ ಕೀಳಬೇಕು ಅನ್ನುತ್ತಾರೆ. ಬೇರಿಲ್ಲ. ಒತ್ತಡ ಇರುವವರೆಗೆ ಅದು ಮತ್ತೆ ಬರುತ್ತದೆ, ಒತ್ತಡ ಹೋದರೆ ನಿಧಾನಕ್ಕೆ ಹೋಗುತ್ತದೆ. ಹಾಗಾಗಿ ಮೊದಲ ಔಷಧಿ ಬೂಟು ಬದಲಾಯಿಸುವುದು. ಆಮೇಲೆ ರಾತ್ರಿ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಉಜ್ಜುವ ಕಲ್ಲಿನಿಂದ ಮೇಲಿನ ಪದರ ಮಾತ್ರ ಮೆಲ್ಲಗೆ ತೆಗೆಯಿರಿ. ಒಂದೇ ದಿನ ನೆಲ ಸಾರಿಸಿದ ಹಾಗೆ ನುಣ್ಣಗೆ ಮಾಡಲು ಹೋಗಬೇಡಿ. ಒರೆಸಿ ಯೂರಿಯಾ ಇರುವ ಕ್ರೀಮು ಹಚ್ಚಿ. ಒಡೆದ ಹಿಮ್ಮಡಿಗೂ ಇದೇ ಕ್ರೀಮು. 10 ಶೇಕಡಾದಿಂದ ಶುರುಮಾಡಿ, ಜಡ್ಡು ದಪ್ಪ ಇದ್ದರೆ 20. ಬಿರುಕು ಆಳವಾಗಿ ರಕ್ತ ಬರುತ್ತಿದ್ದರೆ ಅದು ಮಾಯುವವರೆಗೆ ಬರೀ ವ್ಯಾಸಲೀನ್ ಸಾಕು, ಯೂರಿಯಾ ಉರಿಯುತ್ತದೆ.

ನೆಲದ ಮೇಲೆ ಚಕ್ಕಳಮಕ್ಕಳ ಕೂತು ಭಜನೆ ಮಾಡುವವರಿಗೆ, ಟೈಲರ್ ಕೆಲಸದವರಿಗೆ ಹೊರ ಹರಡಿನ ಮೂಳೆಯ ಮೇಲೆ ಕಪ್ಪು ಜಡ್ಡು ಬರುತ್ತದೆ. ಅದಕ್ಕೆ ಔಷಧಿ ಒಂದು ದಪ್ಪ ಚಾಪೆ.

ಈಗ ಆಣಿ ಪಟ್ಟಿ. ಕಾರ್ನ್ ಕ್ಯಾಪ್ ಅಂತ ಎಲ್ಲರೂ ಕೇಳುತ್ತಾರೆ. ಅದರ ನಡುವಿನ ಚುಕ್ಕಿಯಲ್ಲಿ ಸಾಮಾನ್ಯವಾಗಿ 40 ಶೇಕಡಾ ಸ್ಯಾಲಿಸಿಲಿಕ್ ಆಮ್ಲ ಇರುತ್ತದೆ. ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಗೊತ್ತಾಗುವುದಿಲ್ಲ. ಪಟ್ಟಿ ಒಂದು ಬೆರಳಷ್ಟು ಸರಿದರೂ ಪಕ್ಕದ ಚರ್ಮ ಸುಡುತ್ತದೆ. ನನ್ನ ಸೋದರಮಾವ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು, ಸಕ್ಕರೆ ಕಾಯಿಲೆ ಇತ್ತು. ನನಗೆ ಹೇಳದೆ ಬೇರೆ ಕಡೆ ಪಟ್ಟಿ ತಂದು ಹಾಕಿಕೊಂಡರು. ಕಾಲು ಜೋಮು ಹಿಡಿದಂತಿತ್ತು, ಉರಿ ಗೊತ್ತಾಗಲಿಲ್ಲ. ವಾರದ ಮೇಲೆ ಕಾಲುಚೀಲದಲ್ಲಿ ಕಲೆ ಕಂಡು ಅತ್ತೆ ನನಗೆ ಫೋನು ಮಾಡಿದರು. ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಅಂದಿನಿಂದ ಯಾರು ಕಾರ್ನ್ ಕ್ಯಾಪ್ ಕೇಳಿದರೂ "ಶುಗರ್ ಇದೆಯಾ?" ಅಂತ ಕೇಳಿಯೇ ಕೊಡುತ್ತೇನೆ. ಇದೆ ಅಂದರೆ ಕೊಡುವುದಿಲ್ಲ. ಬೈದುಕೊಂಡು ಹೋದವರಿದ್ದಾರೆ.

ಬ್ಲೇಡಿನಿಂದ ಕೆತ್ತಿಕೊಳ್ಳುವುದು, ರಸ್ತೆ ಬದಿ ಕೂತವರ ಹತ್ತಿರ ಆಣಿ ತೆಗೆಸುವುದು ಯಾರಿಗೂ ಬೇಡ, ಸಕ್ಕರೆ ಇರಲಿ ಬಿಡಲಿ.

ಬೂಟು ಕೊಳ್ಳುವಾಗ

ಸಂಜೆ ಕೊಳ್ಳಿ. ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಹೋದದ್ದು ಸಂಜೆ ಬಿಗಿಯುತ್ತದೆ. ಎರಡೂ ಕಾಲಿಗೆ ಹಾಕಿ ನಿಂತು ನೋಡಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಬೇಕು. ಆ ಉದ್ದದ ಬೆರಳು ಎಲ್ಲರಿಗೂ ಹೆಬ್ಬೆರಳೇ ಆಗಿರುವುದಿಲ್ಲ, ಎಷ್ಟೋ ಜನರಿಗೆ ಪಕ್ಕದ್ದು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅನ್ನುವ ಅಂಗಡಿಯವನ ಮಾತು ಅಗಲಕ್ಕೆ ಅಷ್ಟಿಷ್ಟು ನಿಜ, ಉದ್ದಕ್ಕೆ ಸುಳ್ಳು. ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜು ದೊಡ್ಡದು ತರುತ್ತೇವಲ್ಲ, ಅದೂ ಕಚ್ಚುತ್ತದೆ. ಒಳಗೆ ಕಾಲು ಓಡಾಡುವುದೇ ಉಜ್ಜಾಟ.

ಕೊಲ್ಹಾಪುರಿ ವಿಷಯ ಬೇರೆ. ಹೆಸರು ಕೊಲ್ಹಾಪುರದ್ದಾದರೂ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಅದರ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ಪಾಲಿದೆ. ಹೊಸ ಕೊಲ್ಹಾಪುರಿಯಲ್ಲಿ ಕಚ್ಚುವುದು ಹೆಬ್ಬೆರಳು ತೂರಿಸುವ ಬಳೆ ಮತ್ತು ಅಡ್ಡ ಪಟ್ಟಿಯ ಒಳ ಅಂಚು. ರಾತ್ರಿ ಆ ಎರಡು ಜಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಬೆಳಿಗ್ಗೆ ಒರೆಸಿ, ಕೈಯಿಂದ ಹಿಂದೆ ಮುಂದೆ ಬಗ್ಗಿಸಿ. ಮೊದಲ ವಾರ ಮನೆಯೊಳಗೇ ಅರ್ಧ ಅರ್ಧ ಗಂಟೆ ಹಾಕಿಕೊಳ್ಳಿ. ಮಳೆಗಾಲದಲ್ಲಿ ಹೊರಗೆ ತೆಗೆಯಲೇಬೇಡಿ. ನೆನೆದ ಚರ್ಮ ಒಣಗಿದ ಮೇಲೆ ಕಟ್ಟಿಗೆಯಾಗುತ್ತದೆ.

ಲೇಸಿನ ಬೂಟಿನಲ್ಲಿ ಹಿಮ್ಮಡಿ ಮೇಲೆ ಕೆಳಗೆ ಆಡುತ್ತಿದ್ದರೆ ಮೇಲ್ತುದಿಯ ಕೊನೇ ತೂತನ್ನು ಬಿಡಬೇಡಿ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಹಿಮ್ಮಡಿಯನ್ನು ಹಿಂದಕ್ಕೆ ಸರಿಸಿ ಕೂತು, ಆ ತೂತಿಗೂ ಲೇಸು ಹಾಕಿ ಕಟ್ಟಿದರೆ ಕಾಲು ನಿಲ್ಲುತ್ತದೆ.

ಕಾಲುಚೀಲ ಪೂರ್ತಿ ಹತ್ತಿಯದ್ದೇ ಒಳ್ಳೆಯದು ಅಂತ ನಾವು ಕೇಳಿಕೊಂಡು ಬಂದಿದ್ದೇವೆ. ಜಾಸ್ತಿ ನಡೆಯುವವರಿಗೆ ಇದು ಸರಿಯಲ್ಲ. ಹತ್ತಿ ಬೆವರು ಕುಡಿದು ಅಲ್ಲೇ ಇಟ್ಟುಕೊಳ್ಳುತ್ತದೆ. ಓಟದವರಿಗೆ ಮಾಡಿದ ಅಕ್ರಿಲಿಕ್, ಪಾಲಿಯೆಸ್ಟರ್ ಬೆರೆತ ದಪ್ಪ ಕಾಲುಚೀಲ ಬೇಗ ಒಣಗುತ್ತದೆ. ಜನವರಿಯ ಮುಂಬೈ ಮ್ಯಾರಥಾನ್‌ಗೆ ತಯಾರಾಗುವವರು ಹೊಸ ಬೂಟನ್ನೂ ಹೊಸ ಕಾಲುಚೀಲವನ್ನೂ ಅದೇ ದಿನ ಹಾಕುವ ಸಾಹಸ ಮಾಡಬೇಡಿ.

ಯಾವಾಗ ಡಾಕ್ಟರ್

ಸುತ್ತಲೂ ಕೆಂಪು ಹರಡುತ್ತಾ ಹೋದರೆ, ಕಾಲಿನ ಮೇಲಕ್ಕೆ ಕೆಂಪು ಗೆರೆ ಎದ್ದರೆ, ಕೀವು, ಜ್ವರ, ತೊಡೆಸಂದಿಯಲ್ಲಿ ಗಡ್ಡೆ ಕಂಡರೆ ಅದೇ ದಿನ. ಸಕ್ಕರೆ ಕಾಯಿಲೆ ಇದ್ದು ಬೊಬ್ಬೆಯಲ್ಲಿ ನೋವೇ ಇಲ್ಲದಿದ್ದರೂ ಅದೇ ದಿನ. ನೋವಿಲ್ಲ ಅನ್ನುವುದು ಅವರ ವಿಷಯದಲ್ಲಿ ಒಳ್ಳೆಯ ಸುದ್ದಿಯಲ್ಲ. ಅವರು ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಮಾವನಿಗೆ ಈಗ ಅತ್ತೆಯ ಹಳೆಯ ಕುಂಕುಮದ ಕನ್ನಡಿಯೇ ಇದಕ್ಕೆ ಮೀಸಲು.

ಇನ್ನು ಚೀಲದಲ್ಲಿ ಇಟ್ಟುಕೊಳ್ಳಬೇಕಾದ್ದು: ಮೈಕ್ರೋಪೋರ್ ಸುರುಳಿ, ಪುಟ್ಟ ಕತ್ತರಿ, ಎರಡು ಗಾಸ್ ಪಟ್ಟಿ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೊತೆ ಒಣ ಕಾಲುಚೀಲ. ಆಫೀಸು ತಲುಪಿದ ಮೇಲೆ ಒದ್ದೆಯದನ್ನು ತೆಗೆದು ಆ ಒಣದ್ದು ಹಾಕಿಕೊಳ್ಳಿ, ಒದ್ದೆಯದು ಅದೇ ಕವರಿಗೆ. ಬೂಟಿನೊಳಗೆ ಹಿಂದಿನ ದಿನದ ಪೇಪರು ಉಂಡೆ ಮಾಡಿ ತುರುಕಿ ಮೇಜಿನ ಕೆಳಗೆ ಬಿಟ್ಟರೆ ಊಟದ ಹೊತ್ತಿಗೆ ಅರ್ಧ ನೀರು ಅದು ಕುಡಿದಿರುತ್ತದೆ. ಆಗ ಪೇಪರು ಬದಲಾಯಿಸಿ.